ನಿನ್ನ ಒಂದು ಗಂಟೆಗೆ ಎಷ್ಟು ರೂಪಾಯಿ?

ಬಹಳ ದಿನ ಆಯ್ತು ಏನೂ ಬರೆದಿರಲಿಲ್ಲ. ವಿಷಯ ಇರಲಿಲ್ಲ ಅಂತಲ್ಲ, ಶುದ್ಧ ಸೋಮಾರಿತನ. ಆದ್ರೆ ಕಳೆದ ವಾರ ಆಫೀಸಿನಲ್ಲಿ ಕೇಳಿದ ಒಂದು ಮಾತು ತಲೆಯಲ್ಲಿ ಕೂತು ಕೊರೀತಾ ಇದೆ. ಇಲ್ಲಿ ಇಳಿಸಿಬಿಟ್ರೆ ಸಮಾಧಾನ.

ಮಧ್ಯಾಹ್ನ ಊಟಕ್ಕೆ ಕೂತಿದ್ವಿ. ನನ್ನ ಡಬ್ಬಿಯಲ್ಲಿ ಅನ್ನ, ಹೀರೇಕಾಯಿ ಸಿಪ್ಪೆ ಚಟ್ನಿ, ಮೊಸರು. ಪಕ್ಕದ ಸೀಟಿನವನು ಬಗ್ಗಿ ನೋಡಿ "ಏನೋ ಅದು ಹಸಿರು?" ಅಂದ. ಹೇಳಿದೆ. "ಸಿಪ್ಪೇನಾ? ಸಿಪ್ಪೆ ತಿಂತೀಯಾ?" ಅಂತ ನಕ್ಕ. ನಗಲಿ ಬಿಡಿ, ಹೀರೇಕಾಯಿ ಸಿಪ್ಪೆ ಬಿಸಾಕೋರನ್ನ ನೋಡಿ ನಮ್ಮೂರಲ್ಲಿ ನಾವೂ ನಗ್ತೀವಿ. ಅಷ್ಟಕ್ಕೇ ಮುಗಿದಿದ್ರೆ ಈ ಬರಹ ಇರ್ತಿರಲಿಲ್ಲ.

ಸಂಜೆ ಕಾಫಿಗೆ ಹೋದಾಗ ಮಾತಿಗೆ ಮಾತು ಬಂದು, ಶನಿವಾರ ಬೆಳಗ್ಗೆ ಮಾರ್ಕೆಟ್ಟಿಗೆ ಹೋಗಿ ವಾರದ ತರಕಾರಿ ತರ್ತೀನಿ, ಅಡುಗೆ ಮನೇಲೇ ಮಾಡ್ತೀವಿ ಅಂದೆ. ಅವನು ಫೋನ್ ತೆಗೆದು ಕ್ಯಾಲ್ಕುಲೇಟರ್ ಒತ್ತಿದ. ನಿನ್ನ ಸಂಬಳ ಇಷ್ಟು, ತಿಂಗಳಿಗೆ ಕೆಲಸದ ಗಂಟೆ ಇಷ್ಟು, ಭಾಗಿಸಿದ್ರೆ ನಿನ್ನ ಒಂದು ಗಂಟೆಗೆ ಇಷ್ಟು ರೂಪಾಯಿ. ಮಾರ್ಕೆಟ್ಟಿನಲ್ಲಿ ಎರಡು ಗಂಟೆ ಹಾಳು ಮಾಡಿ ನೂರೈವತ್ತು ರೂಪಾಯಿ ಉಳಿಸ್ತೀಯ. "ನೀನು ಲಾಸಲ್ಲಿದೀಯ ಮಗಾ" ಅಂತ ತೀರ್ಪು ಕೊಟ್ಟ.

ಈ ಲೆಕ್ಕ ನಿಮಗೂ ಯಾರಾದ್ರೂ ಒಪ್ಪಿಸಿರ್ತಾರೆ. ನಮ್ಮ ಕಂಪ್ಯೂಟರ್ ಜಾತಿಯವರಿಗೆ ಇದು ಹನುಮಾನ್ ಚಾಲೀಸಾ ಇದ್ದಂಗೆ, ಕೆಲಸ ಸೇರಿದ ಮೂರನೇ ತಿಂಗಳಿಗೆ ಬಾಯಿಪಾಠ. ಕೇಳೋಕೆ ಜಾಣತನ ಅನ್ಸುತ್ತೆ. ನನಗೂ ಎರಡು ದಿನ ಹಾಗೇ ಅನ್ನಿಸಿತ್ತು. ಆಮೇಲೆ ಕೂತು ನೋಡಿದ್ರೆ ಲೆಕ್ಕವೇ ತಪ್ಪು!

ಮೊದಲನೇ ತಪ್ಪು. ಆ ಎರಡು ಗಂಟೆಗೆ ನನಗೆ ದುಡ್ಡು ಕೊಡೋರು ಯಾರು? ನಮ್ಮದು ತಿಂಗಳ ಸಂಬಳ ಸ್ವಾಮಿ. ಶನಿವಾರ ಎಂಟರಿಂದ ಹತ್ತರವರೆಗೆ ಮಾರ್ಕೆಟ್ಟಿಗೆ ಹೋಗಲ್ಲ, ಕೋಡ್ ಬರೀತೀನಿ, ಎರಡು ಗಂಟೆ ದುಡ್ಡು ಹೆಚ್ಚಿಗೆ ಕೊಡಿ ಅಂತ ನಿಮ್ಮ ಮ್ಯಾನೇಜರನ್ನ ಕೇಳಿ ನೋಡಿ. ಕೋಡ್ ತಗೋತಾರೆ, ದುಡ್ಡು ಕೊಡಲ್ಲ. ಇಷ್ಟಕ್ಕೂ ಆ ಎರಡು ಗಂಟೆ ನನ್ನ ಗೆಳೆಯ ಏನು ಮಾಡ್ತಾನೆ ಅಂತ ನನಗೆ ಗೊತ್ತು. ಹಾಸಿಗೆ ಮೇಲೆ ಬಿದ್ಕೊಂಡು ಫೋನ್ ಉಜ್ಜುತಾನೆ. ಅದರ ರೇಟು ಗಂಟೆಗೆ ಎಷ್ಟೋ!

ಎರಡನೇ ತಪ್ಪು. 30 ಪರ್ಸೆಂಟ್ ತೆರಿಗೆ ಸ್ಲ್ಯಾಬಿನಲ್ಲಿರೋನು ಇನ್ನೂ ನೂರು ರೂಪಾಯಿ ಹೆಚ್ಚಿಗೆ ದುಡಿದ್ರೆ ಸೆಸ್ ಸೇರಿ 31 ರೂಪಾಯಿ 20 ಪೈಸೆ ಸರ್ಕಾರಕ್ಕೆ. ಕೈಗೆ ಬರೋದು 68 ರೂಪಾಯಿ 80 ಪೈಸೆ. ಉಳಿಸಿದ ನೂರು ಮಾತ್ರ ನೂರೇ. ಇದನ್ನ ಅವನ ಕ್ಯಾಲ್ಕುಲೇಟರ್ ಹೇಳಲಿಲ್ಲ.

ಬಾಯಿಮಾತು ಬೇಡ, ನಮ್ಮನೆಯ ಒಂದು ರಾತ್ರಿಯ ಲೆಕ್ಕ ಹೇಳ್ತೀನಿ. ಮಂಗಳವಾರ ಬಸ್ಸಾರು ಮಾಡಿದ್ವಿ. ನಮ್ಮದು ತಿಪಟೂರು ಕಡೆ, ಹಾಗಾಗಿ ಇದರ ಬಗ್ಗೆ ಮಾತಾಡೋಕೆ ನನಗೆ ಹಕ್ಕಿದೆ. ಬಸ್ಸಾರು ಗೊತ್ತಿಲ್ಲದವರಿಗೆ: ಕಾಳು ಬೇಯಿಸಿ, ಸೊಪ್ಪು ಹಾಕಿ, ನೀರು ಬಸೀಬೇಕು. ಬಸಿದ ಕಟ್ಟಿಗೆ ಹುರಿದ ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಜೀರಿಗೆ, ಕಾಯಿ, ಹುಣಸೆಹಣ್ಣಿನ ಜೊತೆ ಒಂದು ಹಿಡಿ ಬೆಂದ ಕಾಳು-ಸೊಪ್ಪನ್ನೂ ರುಬ್ಬಿ ಹಾಕಿದ್ರೆ ಸಾರು. ಉಳಿದ ಕಾಳು-ಸೊಪ್ಪಿಗೆ ಒಗ್ಗರಣೆ ಕೊಟ್ರೆ ಪಲ್ಯ. ಒಂದೇ ಬೇಯಿಸೋದು, ಎರಡು ಅಡುಗೆ, ಚೆಲ್ಲೋದು ಒಂದು ಹನಿಯೂ ಇಲ್ಲ. ಇದನ್ನ ಕಂಡುಹಿಡಿದ ಪುಣ್ಯಾತ್ಗಿತ್ತಿಗೆ ಯಾವ ಡಿಗ್ರಿನೂ ಇರಲಿಲ್ಲ.

ಹುರುಳಿಕಾಳು 150 ಗ್ರಾಂ, 15 ರೂಪಾಯಿ. ದಂಟಿನ ಸೊಪ್ಪು ಒಂದು ಕಟ್ಟು 20. ಅರ್ಧ ಹೋಳು ಕಾಯಿ ಊರಿಂದ ಬಂದದ್ದು, ಆದ್ರೂ ಬೆಂಗಳೂರು ರೇಟೇ ಹಾಕೋಣ, 15. ಈರುಳ್ಳಿ, ಬೆಳ್ಳುಳ್ಳಿ, ಮೆಣಸಿನಕಾಯಿ, ಹುಣಸೆ, ಎಣ್ಣೆ ಎಲ್ಲಾ ಸೇರಿ 15. ಮುದ್ದೆಗೆ ರಾಗಿಹಿಟ್ಟು 15. ಗ್ಯಾಸಿಗೆ 10 ಇಟ್ಕೊಳ್ಳಿ, 14.2 ಕೆಜಿ ಸಿಲಿಂಡರ್ ನಮ್ಮಿಬ್ಬರಿಗೆ ಎರಡು ತಿಂಗಳು ಬರುತ್ತೆ, ದಿನಕ್ಕೆ ಸುಮಾರು ಹದಿನೈದು ರೂಪಾಯಿ ಬೀಳುತ್ತೆ. ಒಟ್ಟು 90. ಇಬ್ಬರ ರಾತ್ರಿ ಊಟ ಆಗಿ, ಮಾರನೇ ದಿನ ಇಬ್ಬರ ಡಬ್ಬಿಗೂ ಸಾರು ಉಳೀತು. ಬಸ್ಸಾರು ಮಾರನೇ ದಿನವೇ ರುಚಿ ಅನ್ನೋದು ಬೇರೆ ವಿಷಯ.

ಅದರ ಹಿಂದಿನ ವಾರ ಸೋಮಾರಿತನಕ್ಕೆ ತರಿಸಿದ್ದ ಎರಡು ಊಟದ ಬಿಲ್ಲು ಫೋನಿನಲ್ಲೇ ಇದೆ. ಊಟ, ಪ್ಯಾಕಿಂಗು, ಆ ಶುಲ್ಕ, ಈ ಶುಲ್ಕ, ತೆರಿಗೆ, ಎಲ್ಲಾ ಸೇರಿ 412. ವ್ಯತ್ಯಾಸ 322. ವಾರಕ್ಕೆ ನಾಲ್ಕು ಸಲ ಹೀಗಾದ್ರೆ ತಿಂಗಳಿಗೆ ಐದು ಸಾವಿರ ಚಿಲ್ಲರೆ. ಪಾತ್ರೆ ತೊಳೆಯೋದೂ ಸೇರಿ ನನಗೆ ಹಿಡಿದದ್ದು ಒಂದು ಗಂಟೆ ಇಪ್ಪತ್ತು ನಿಮಿಷ. ಈಗ ಹೇಳಪ್ಪಾ ಮಗಾ, ಯಾರು ಲಾಸಲ್ಲಿರೋದು?

ಇಲ್ಲಿಗೆ ನಿಲ್ಲಿಸಿದ್ರೆ ಇದು ಜಿಪುಣನ ಜಂಬ ಆಗುತ್ತೆ. ನನಗೆ ನಿಜವಾಗಿ ಸಿಟ್ಟು ಬಂದಿರೋದು ಬೇರೆ ಕಡೆ.

ಲೆಕ್ಕ ಹಾಕಿ ಕೊಳ್ಳೋದು ದಡ್ಡತನ ಅಂತ ನಾವು ನಗ್ತಾ ಕೂತಿರೋವಾಗ, ಲೆಕ್ಕ ಹಾಕೋದನ್ನೇ ಕಷ್ಟ ಮಾಡಿಟ್ಟಿದ್ದಾರೆ. ಅಂಗಡಿಗೆ ಹೋಗಿ ಅಡುಗೆ ಎಣ್ಣೆಯ ಸಾಲಿನ ಮುಂದೆ ಐದು ನಿಮಿಷ ನಿಂತು ನೋಡಿ. ಎಲ್ಲಾ ಪೌಚುಗಳೂ ಹೆಚ್ಚುಕಮ್ಮಿ ಒಂದೇ ಗಾತ್ರ. ಒಂದರ ಮೇಲೆ ಒಂದು ಲೀಟರ್, 910 ಗ್ರಾಂ. ಪಕ್ಕದ್ದರ ಮೇಲೆ 850 ಗ್ರಾಂ. ಕೈಯಲ್ಲಿ ಹಿಡಿದ್ರೆ ಗೊತ್ತಾಗಲ್ಲ, ಬೆಲೆ ಸ್ವಲ್ಪ ಕಮ್ಮಿ ಕಂಡು ಬುಟ್ಟಿಗೆ ಹಾಕ್ಕೋತೀವಿ. ಸುಮಾರು 66 ಎಂಎಲ್ ಕಡಿಮೆ ಇದೆ ಅನ್ನೋದು ಯಾರಿಗೂ ತಲೆಗೆ ಹೋಗಲ್ಲ. ಇನ್ನೊಂದು ತಮಾಷೆ ಗೊತ್ತಾ? ಎಣ್ಣೆ ಬಿಸಿಯಾದ್ರೆ ಹಿಗ್ಗುತ್ತೆ, ಪಿಯುಸಿ ಫಿಸಿಕ್ಸು. 60 ಡಿಗ್ರಿ ಶಾಖದಲ್ಲಿ ಒಂದು ಲೀಟರ್ ಅಂತ ಪೌಚಿನ ಮೇಲೆ ಹಾಕಿ, ತೂಕ ಕಡಿಮೆ ಕೊಟ್ಟು ಮಾರೋರೂ ಇದ್ರು. 2022ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರವೇ ಶಾಖದ ಲೆಕ್ಕ ಬಿಟ್ಟು ಅಳತೆಯ ಜೊತೆ ತೂಕ ಹಾಕಿ ಅಂತ ಹೇಳಬೇಕಾಯ್ತು. ಅರವತ್ತು ಡಿಗ್ರಿ! ಬೆಂಗಳೂರು ಬಿಡಿ, ರಾಯಚೂರಿನಲ್ಲಿ ಮೇ ತಿಂಗಳಲ್ಲೂ ಯಾರ ಅಡುಗೆಮನೆ ಅಷ್ಟು ಕಾಯುತ್ತೆ?

ಮುಂಚೆ ಬಿಸ್ಕತ್ತು, ಟೀ ಪುಡಿ, ಹಿಟ್ಟು, ಎಣ್ಣೆ, ಉಪ್ಪು, ಸೋಪು ಇವೆಲ್ಲ ಇಂತಿಂಥ ತೂಕದ ಪ್ಯಾಕಿನಲ್ಲೇ ಬರಬೇಕು ಅಂತ ಪೊಟ್ಟಣದ ಸರಕುಗಳ ನಿಯಮದಲ್ಲಿ ಒಂದು ಪಟ್ಟಿ ಇತ್ತು. 2021ರ ನವೆಂಬರಿನ ತಿದ್ದುಪಡಿಯಲ್ಲಿ ಆ ಪಟ್ಟಿಯನ್ನೇ ತೆಗೆದ್ರು. ಅದರ ಬದಲಿಗೆ ಪ್ಯಾಕಿನ ಮೇಲೆ ಗ್ರಾಮಿಗೆ ಅಥವಾ ಕೆಜಿಗೆ ಎಷ್ಟು ಬೀಳುತ್ತೆ ಅಂತ ಹಾಕಬೇಕು ಅಂತ ಮಾಡಿದ್ರು. ಒಳ್ಳೇದೇ ಅಲ್ವಾ ಅಂತೀರಿ. ನಾನೂ ಅಂದ್ಕೊಂಡೆ. ಆಮೇಲೆ ನಿಯಮ ಓದಿದೆ.

ಪ್ಯಾಕು ಒಂದು ಕೆಜಿಗಿಂತ ಕಡಿಮೆ ಇದ್ರೆ ಬೆಲೆ ಗ್ರಾಮಿನ ಲೆಕ್ಕದಲ್ಲಿ. ಹೆಚ್ಚಿದ್ರೆ ಕೆಜಿ ಲೆಕ್ಕದಲ್ಲಿ. ರೂಪಾಯಿಯ ಎರಡು ದಶಾಂಶಕ್ಕೆ ಸರಿಮಾಡಿ ಹಾಕಬೇಕು. ಪ್ರೋಗ್ರಾಮ್ ಬರೆಯೋ ಮಿತ್ರರೇ, ನಿಮಗೆ ಈಗಾಗಲೇ ನಗು ಬಂದಿರಬೇಕು. ಅರ್ಧ ಕೆಜಿ ರವೆಯ ಮೇಲೆ "ಗ್ರಾಮಿಗೆ 0.06" ಅಂತ ಇರುತ್ತೆ. ಕೆಜಿಗೆ 55 ರೂಪಾಯಿ ಬೀಳೋ ರವೆಗೂ 0.06, 64 ರೂಪಾಯಿ ಬೀಳೋ ರವೆಗೂ 0.06! ನೂರಕ್ಕೆ ಹದಿನಾರರಷ್ಟು ವ್ಯತ್ಯಾಸ ಆ ಎರಡು ದಶಾಂಶದೊಳಗೆ ಮಾಯ. ಪಕ್ಕದ ಎರಡು ಕೆಜಿ ಪ್ಯಾಕಿನ ಮೇಲೆ "ಕೆಜಿಗೆ 58" ಅಂತ ಇರುತ್ತೆ. ಎರಡನ್ನೂ ಹೋಲಿಸಬೇಕು ಅಂದ್ರೆ ಮನಸ್ಸಿನಲ್ಲೇ ಸಾವಿರದಿಂದ ಗುಣಿಸಬೇಕು, ಅದೂ ಇರುವೆ ಗಾತ್ರದ ಅಕ್ಷರ ಓದಿ, ಅದೂ ಸಂಜೆ ಏಳು ಗಂಟೆಗೆ, ಅದೂ ಹಿಂದೆ ನಿಂತವರು "ಸ್ವಲ್ಪ ಸೈಡು ಸಾರ್" ಅನ್ನುವಾಗ. ಇಂಥ ಕೋಡನ್ನ ನಮ್ಮ ಟೀಮಿಗೆ ಮೊನ್ನೆ ಸೇರಿದ ಹುಡುಗಿ ಬರೆದು ತಂದ್ರೆ ವಾಪಸ್ ಕಳಿಸ್ತೀವಿ. ದೇಶಕ್ಕೆಲ್ಲ ಇದೇ ನಿಯಮ.

ನಮ್ಮಜ್ಜಿ ಈಗಲೂ ಅಕ್ಕಿಯನ್ನ ಪಾವಿನ ಲೆಕ್ಕದಲ್ಲೇ ಅಳೆಯೋದು. ನಾಲ್ಕು ಪಾವಿಗೆ ಒಂದು ಸೇರು. ಶಾಲೆ ಮೆಟ್ಟಿಲು ಹತ್ತದ ಅಜ್ಜಿಗೆ ಅಂಗಡಿಯವನು ಕಾಲು ಪಾವು ಕಡಿಮೆ ಹಾಕಿದ್ರೂ ಕಣ್ಣಳತೆಯಲ್ಲೇ ಗೊತ್ತಾಗ್ತಿತ್ತು, ಅಲ್ಲೇ ಜಗಳಕ್ಕೆ ನಿಲ್ತಿದ್ಲು. ಎಂಜಿನಿಯರಿಂಗ್‌ನಲ್ಲಿ ನಾಲ್ಕು ಸೆಮಿಸ್ಟರ್ ಗಣಿತ ಓದಿದ ನಾನು 850 ಗ್ರಾಮಿನ ಪೌಚನ್ನ ಲೀಟರ್ ಅಂದ್ಕೊಂಡು ಆರು ತಿಂಗಳು ತಂದಿದ್ದೀನಿ. ನಾಚಿಕೆ ಆಗುತ್ತೆ.

ಈಗ ನನ್ನ ವಿರುದ್ಧವೇ ಒಂದು ಮಾತು ಹೇಳಬೇಕು, ಇಲ್ಲದಿದ್ರೆ ಮೋಸ ಆಗುತ್ತೆ.

ಭಾನುವಾರ ಅಮ್ಮಂಗೆ ಫೋನ್ ಮಾಡಿದಾಗ ಈ ಬರಹದ ವಿಷಯ ಹೇಳಿದೆ. ನಿಮ್ಮ ಕಾಲದ ಹೆಂಗಸರು ಸಂಸಾರ ತೂಗಿಸಿದ್ದು ಎಷ್ಟು ದೊಡ್ಡ ವಿದ್ಯೆ, ಅದನ್ನೆಲ್ಲ ಬರೀತೀನಿ ಅಂತ ಉಬ್ಬಿಸೋಕೆ ನೋಡಿದೆ. ಅಮ್ಮ ಉಬ್ಬಲಿಲ್ಲ.

"ದುಡ್ಡಿರ್ಲಿಲ್ಲ, ಮಾಡ್ದೆ ಕಣಪ್ಪ. ಅದ್ರಲ್ಲೇನು ವಿದ್ಯೆ? ಸಂತೆಗೆ ಹೋದಾಗೆಲ್ಲ ಹೋಟ್ಲು ಮುಂದೇನೇ ಹಾದು ಬರ್ತಿದ್ದೆ, ಮಸಾಲೆ ದೋಸೆ ವಾಸನೆ ಘಮ್ಮಂತ ಬರೋದು. ನಿನ್ನ ಓದು ಮುಗಿಯೋವರ್ಗೂ ಒಂದಿನಾನೂ ಒಳಗೆ ಹೋಗ್ಲಿಲ್ಲ. ಇದನ್ನ ದೊಡ್ಡ ಹಬ್ಬ ಮಾಡ್ಕೊಂಡು ಬರೀಬೇಡ."

ಫೋನ್ ಇಟ್ಟ ಮೇಲೆ ಹೆಂಡತಿಗೆ ಹೇಳಿದೆ. ಅವಳೂ ನನ್ನ ಹಾಗೇ ದಿನಾ ಹತ್ತು ಗಂಟೆ ಲ್ಯಾಪ್‌ಟಾಪ್ ಮುಂದೆ ಕೂರೋಳು. ಅವಳು ಹೇಳಿದ್ದು ಒಂದೇ ಮಾತು: "ಬಸ್ಸಾರಿನ ಲೆಕ್ಕ ಚೆನ್ನಾಗಿ ಹಾಕಿದೀಯ. ಸೊಪ್ಪು ಬಿಡಿಸಿದ್ದು ಯಾರು ಅಂತಾನೂ ಬರಿ."

ಬರೀತಾ ಇದೀನಿ. ಸೊಪ್ಪು ಬಿಡಿಸಿದ್ದು ಅವಳು, ನಲವತ್ತು ನಿಮಿಷ, ಮೀಟಿಂಗ್ ಕೇಳ್ತಾ. ಮೇಲಿನ ಒಂದು ಗಂಟೆ ಇಪ್ಪತ್ತು ನಿಮಿಷದಲ್ಲಿ ಅದು ಸೇರಿರಲಿಲ್ಲ. ಈಗ ಸೇರಿಸಿಕೊಂಡ್ರೆ ಎರಡು ಗಂಟೆ. ನೋಡಿದ್ರಾ? ಗೆಳೆಯನ ಲೆಕ್ಕದಲ್ಲಿ ತಪ್ಪು ಹುಡುಕೋಕೆ ಹೊರಟ ನಾನೇ ಮನೆಯೊಳಗಿನ ಕೆಲಸವನ್ನ ಸೊನ್ನೆ ಅಂತ ಹಿಡಿದಿದ್ದೆ. ಅಪ್ಪಂದಿರು ಮಾಡಿದ್ದೂ ಇದನ್ನೇ. ಅಮ್ಮ ಉಳಿಸಿದ ದುಡ್ಡು ಸಂಸಾರದ ಲೆಕ್ಕಕ್ಕೆ ಬರ್ತಿತ್ತು, ಅಮ್ಮನ ಹೊತ್ತು ಯಾರ ಲೆಕ್ಕಕ್ಕೂ ಬರ್ತಿರಲಿಲ್ಲ. "ಮನೆ ಅಡುಗೆಯೇ ಶ್ರೇಷ್ಠ" ಅಂತ ಭಾಷಣ ಬಿಗಿಯೋ ಗಂಡಸರು ಮೊದಲು ಸೊಪ್ಪು ಬಿಡಿಸಲಿ, ಆಮೇಲೆ ಮಾತಾಡಲಿ.

ಹಾಗಂತ ಗೆಳೆಯನ ಮಾತು ಸರಿ ಅಂತ ಒಪ್ತೀನಾ? ಇಲ್ಲ. ಎರಡು ಗಂಟೆ ಹಿಡಿದ್ರೂ ಉಳಿದದ್ದು ಉಳಿದದ್ದೇ. ಅಮ್ಮಂಗೆ ಲೆಕ್ಕ ಹಾಕದೆ ಗತಿ ಇರಲಿಲ್ಲ. ನಮಗೆ ಹಾಕದಿದ್ರೂ ನಡೆಯುತ್ತೆ, ಅದಕ್ಕೇ ನಾವು ಹಾಕಬೇಕು ಅಂತ ನನ್ನ ವಾದ. ಯಾಕೆ ಅಂದ್ರೆ ಕೇಳೋರಿಲ್ಲ ಅಂತ ಗೊತ್ತಾದ ದಿನವೇ ತೂಕ ಇಳಿಯೋದು. 850 ಗ್ರಾಂ ಎಣ್ಣೆ ನಮ್ಮಂಥವರ ಬುಟ್ಟಿಗೆ ಬಿದ್ರೆ ನಮಗೇನೂ ನಷ್ಟ ಕಾಣಲ್ಲ. ಆದ್ರೆ ಅದೇ ಸಾಲಿನಿಂದ ನಮ್ಮ ರಸ್ತೆಯ ಕೊನೇಲಿ ಕಟ್ಟಡದ ಕೆಲಸಕ್ಕೆ ಬಂದಿರೋ ಹೆಂಗಸೂ ಎಣ್ಣೆ ತಗೋತಾಳೆ. ಅವಳು ಕೊಳ್ಳೋ ಐದು ರೂಪಾಯಿ, ಹತ್ತು ರೂಪಾಯಿ ಪ್ಯಾಕುಗಳಲ್ಲಿ ಬೆಲೆ ಹಾಗೇ ಇದ್ದು ಒಳಗಿನ ಗ್ರಾಂ ಮಾತ್ರ ಇಳಿಯುತ್ತೆ. ದಿನಗೂಲಿ ಬಿಟ್ಟು ನಿಯಮ ಓದೋಕೆ ಅವಳಿಗೆ ಆಗುತ್ತಾ? ಓದೋಕೆ, ಬರೆಯೋಕೆ, ದೂರು ಕೊಡೋಕೆ ಆಗೋದು ನಮಗೆ. ನಾವು ಮಾತ್ರ "ನನ್ನ ಒಂದು ಗಂಟೆಗೆ ಇಷ್ಟು ರೂಪಾಯಿ" ಅಂತ ಕಾಲರ್ ಎತ್ಕೊಂಡು ಓಡಾಡ್ತೀವಿ.

ನಾನು ಕೇಳ್ತಿರೋದು ದೊಡ್ಡದೇನಲ್ಲ. ಪ್ಯಾಕು ಎಷ್ಟೇ ಇರಲಿ, ಬೆಲೆ ಕೆಜಿಗೆ ಇಷ್ಟು, ಲೀಟರಿಗೆ ಇಷ್ಟು ಅಂತಲೇ ಹಾಕಲಿ. ಎಂಆರ್‌ಪಿಯಷ್ಟೇ ದಪ್ಪ ಅಕ್ಷರದಲ್ಲಿ, ಕನ್ನಡದಲ್ಲೂ ಹಾಕಲಿ. ಫೋನಿನಲ್ಲಿ ದಿನಸಿ ಮಾರೋರು ಕೆಜಿ ಬೆಲೆಯ ಪ್ರಕಾರ ಜೋಡಿಸಿ ತೋರಿಸಲಿ. ಅದು ಅರ್ಧ ದಿನದ ಕೆಲಸ ಅಂತ ನಮಗೆಲ್ಲ ಗೊತ್ತು. ಅದು ಬರೋವರೆಗೆ ನಾವು ಅಂಗಡಿಯಲ್ಲಿ ಐದು ನಿಮಿಷ ಹೆಚ್ಚಿಗೆ ನಿಂತು ತಿರುಗಿಸಿ ಓದೋಣ, ಹಿಂದೆ ನಿಂತವರು ಗೊಣಗಿದ್ರೂ ಪರವಾಗಿಲ್ಲ.

ಮುಂದಿನ ತಿಂಗಳು ಅಮ್ಮ ಬೆಂಗಳೂರಿಗೆ ಬರ್ತಾಳೆ. ಮೊದಲ ದಿನವೇ ಮಸಾಲೆ ದೋಸೆಗೆ ಕರ್ಕೊಂಡು ಹೋಗ್ತೀನಿ. ಆ ಬಿಲ್ಲಿನ ಲೆಕ್ಕ ಮಾತ್ರ ಹಾಕಲ್ಲ.

ನೀವೇನಂತೀರಿ? ನಿಮ್ಮನೆ ಎಣ್ಣೆ ಪೌಚು ಎಷ್ಟು ಗ್ರಾಂ ಇದೆ ಅಂತ ಈಗಲೇ ಎದ್ದು ನೋಡಿ ಬಂದು ಹೇಳಿ.

ಕೊಸರು: ಸಿಪ್ಪೆ ಚಟ್ನಿ ಕೇಳಿದವರಿಗೆ. ಎಳೇ ಹೀರೇಕಾಯಿಯ ಸಿಪ್ಪೆಯನ್ನ ಸ್ವಲ್ಪ ಎಣ್ಣೆಯಲ್ಲಿ ಬಾಡಿಸಿ. ಕಡ್ಲೆಬೇಳೆ, ಉದ್ದಿನಬೇಳೆ, ಹಸಿಮೆಣಸಿನಕಾಯಿ ಹುರಿದು, ಕಾಯಿ, ಹುಣಸೆ, ಉಪ್ಪು ಸೇರಿಸಿ ತರಿತರಿಯಾಗಿ ರುಬ್ಬಿ, ಸಾಸಿವೆ-ಇಂಗಿನ ಒಗ್ಗರಣೆ ಕೊಡಿ. ರುಬ್ಬೋ ಮುಂಚೆ ಸಿಪ್ಪೆ ಕಹಿ ಇದೆಯಾ ಅಂತ ಒಂದು ಚೂರು ಬಾಯಿಗೆ ಹಾಕಿ ನೋಡಿ. ಗೆಳೆಯನಿಗೆ ನಾಳೆ ಡಬ್ಬಿ ತುಂಬಾ ತಗೊಂಡು ಹೋಗ್ತಾ ಇದೀನಿ. ಗಂಟೆ ಲೆಕ್ಕದಲ್ಲಿ ಬಿಲ್ ಮಾಡ್ತೀನಿ ಅಂದಿದೀನಿ!