ಊಟದ ಮೇಜಿನ ಮೇಲೆ ವರ್ಣತಂತುಗಳು

ಅಮ್ಮ ಊಟದ ಮೇಜಿನ ತುಂಬ ಫೋಟೋಗಳನ್ನು ಹರಡಿಕೊಂಡು, ಕತ್ತರಿ ಹಿಡಿದು, ಪುಟ್ಟ ಪುಟ್ಟ ತುಂಡುಗಳನ್ನು ಜೋಡಿ ಜೋಡಿಯಾಗಿ ಇಡುತ್ತಿದ್ದರೆ ಮಕ್ಕಳಿಗೆ ತಮಾಷೆ. ಅಮ್ಮ ಕಾಗದದ ಗೊಂಬೆ ಆಡುತ್ತಿದ್ದಾಳೆ ಎಂದು ಛೇಡಿಸುತ್ತಿದ್ದರು. ಇದು 1972ರಲ್ಲಿ, ಅಮೆರಿಕದ ಷಿಕಾಗೊ ನಗರದ ಒಂದು ಮನೆಯಲ್ಲಿ. ಆ ತುಂಡುಗಳು ರಕ್ತದ ಕ್ಯಾನ್ಸರ್ ರೋಗಿಗಳ ವರ್ಣತಂತುಗಳ ಚಿತ್ರಗಳು. ಅಮ್ಮನ ಹೆಸರು ಜಾನೆಟ್ ರೌಲಿ.

ನೀಟ್, ಸಿಇಟಿ ಫಲಿತಾಂಶ ಬಂದ ವಾರಗಳಲ್ಲಿ ಎಷ್ಟೋ ಮನೆಗಳಲ್ಲಿ ಒಂದೇ ಮಾತು: 'ಒಂದು ವರ್ಷ ಹಾಳಾಯಿತಲ್ಲ!' ಅದನ್ನು ಕೇಳಿದಾಗಲೆಲ್ಲ ನನಗೆ ಈಕೆಯ ನೆನಪಾಗುತ್ತದೆ. 1925ರಲ್ಲಿ ಹುಟ್ಟಿದ ರೌಲಿ ಹದಿನೈದನೇ ವಯಸ್ಸಿಗೇ ಷಿಕಾಗೊ ವಿಶ್ವವಿದ್ಯಾಲಯ ಸೇರಿದ ಜಾಣೆ. ಆದರೂ ಅಲ್ಲಿ ವೈದ್ಯಕೀಯ ಓದಲು ಒಂಬತ್ತು ತಿಂಗಳು ಕಾಯಬೇಕಾಯಿತು. ಅಂಕ ಕಡಿಮೆಯೆಂದಲ್ಲ, 65 ಸೀಟುಗಳಲ್ಲಿ ಹೆಣ್ಣುಮಕ್ಕಳಿಗೆ ಇದ್ದದ್ದು ಮೂರೇ, ಆ ಮೂರೂ ತುಂಬಿದ್ದವು. 1948ರಲ್ಲಿ ಪದವಿ, ಮರುದಿನವೇ ಮದುವೆ. ಮುಂದೆ ನಾಲ್ಕು ಗಂಡುಮಕ್ಕಳು. ವಾರಕ್ಕೆ ಮೂರು ದಿನದಂತೆ ಅರೆಕಾಲಿಕ ಕೆಲಸವನ್ನೇ ಆಕೆ ವರ್ಷಗಟ್ಟಲೆ ಮಾಡಿದರು. ಅದೂ ಡೌನ್ ಸಿಂಡ್ರೋಮ್ ಮಕ್ಕಳು ಬರುತ್ತಿದ್ದ ಒಂದು ಚಿಕಿತ್ಸಾಲಯದಲ್ಲಿ.

1959ರಲ್ಲಿ ಆ ಮಕ್ಕಳಲ್ಲಿ ಒಂದು ವರ್ಣತಂತು ಹೆಚ್ಚಿಗೆ ಇರುವುದು ಪತ್ತೆಯಾಯಿತು. ರೌಲಿಗೆ ಕುತೂಹಲ ಹುಟ್ಟಿತು. ಪತಿ ಆಕ್ಸ್‌ಫರ್ಡಿಗೆ ಹೋದಾಗ ಜೊತೆಗೆ ಹೋಗಿ ವರ್ಣತಂತುಗಳ ಅಧ್ಯಯನ ಕಲಿತರು. ಮರಳಿ ಬಂದು, ಹಿಂದೆ ತಮಗೆ ಗುರುವಾಗಿದ್ದ ಲಿಯಾನ್ ಜೇಕಬ್ಸನ್ ಅವರಲ್ಲಿ ಕೇಳಿದ್ದು ಒಂದು ಸೂಕ್ಷ್ಮದರ್ಶಕ, ಒಂದು ಕತ್ತಲೆ ಕೋಣೆ, ಸ್ವಲ್ಪ ಸಂಬಳ. ಅವರು ಮೂರನ್ನೂ ಕೊಟ್ಟರು. ಅಂಥ ಹಿರಿಯರು ಸಿಗುವುದೂ ಅದೃಷ್ಟವೇ ಅನ್ನಿ.

ಈಗ ಆ ಮೇಜಿಗೆ ಬರೋಣ. ದೀರ್ಘಕಾಲಿಕ ಮೈಲಾಯ್ಡ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರಿನಲ್ಲಿ 22ನೇ ವರ್ಣತಂತು ಮೊಟಕಾಗಿರುತ್ತದೆ ಎಂದು 1960ರಲ್ಲೇ ಫಿಲಡೆಲ್ಫಿಯಾದ ಪೀಟರ್ ನೊವೆಲ್, ಡೇವಿಡ್ ಹಂಗರ್‌ಫರ್ಡ್ ಕಂಡಿದ್ದರು. ಕಾಣೆಯಾದ ತುಂಡು ನಾಶವಾಗಿದೆ ಎಂದೇ ಭಾವನೆ. ರೌಲಿ ಎರಡನೇ ಬಾರಿ ಆಕ್ಸ್‌ಫರ್ಡಿಗೆ ಹೋದಾಗ ಹೊಸದೊಂದು ವಿಧಾನ ಕಲಿತಿದ್ದರು. ಅದರಲ್ಲಿ ಬಣ್ಣ ಹಾಕಿದರೆ ವರ್ಣತಂತುಗಳ ಮೇಲೆ ಪಟ್ಟೆಗಳು ಹೊಳೆಯುತ್ತವೆ. ಯಾವುದು ಯಾವುದೆಂದು ಗುರುತು ಸಿಗುತ್ತದೆ. ಪಟ್ಟೆಗಳನ್ನು ಹೋಲಿಸುತ್ತಾ ಹೋದಾಗ 9ನೇ ವರ್ಣತಂತು ಸ್ವಲ್ಪ ಉದ್ದವಾಗಿರುವುದು ಕಂಡಿತು. 22ರಲ್ಲಿ ಎಷ್ಟು ಕಡಿಮೆಯೋ ಇಲ್ಲಿ ಸುಮಾರು ಅಷ್ಟೇ ಹೆಚ್ಚು! ತುಂಡು ಎಲ್ಲೂ ಕಳೆದುಹೋಗಿರಲಿಲ್ಲ, ಮನೆ ಬದಲಿಸಿತ್ತು. 1973ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಇದು ಪ್ರಕಟವಾದಾಗ ಆಕೆಗೆ ನಲವತ್ತೆಂಟರ ಸುಮಾರು. ವರ್ಣತಂತುಗಳ ಏರುಪೇರು ಕ್ಯಾನ್ಸರಿನ ಪರಿಣಾಮವೇ ಹೊರತು ಕಾರಣವಲ್ಲ ಎಂದು ನಂಬಿದ್ದ ಕಾಲ ಅದು. ಒಪ್ಪಿಸಲು ಆಕೆ ವರ್ಷಗಟ್ಟಲೆ ಹೆಣಗಿದರು.

ಮುಂದೆ 1980ರ ದಶಕದಲ್ಲಿ ಗುಟ್ಟು ಬಿಚ್ಚಿಕೊಂಡಿತು. ತುಂಡುಗಳು ಅದಲುಬದಲಾದಾಗ 9ರಲ್ಲಿದ್ದ ಎಬಿಎಲ್ ಎಂಬ ಜೀನು 22ರ ಬಿಸಿಆರ್ ಜೀನಿಗೆ ಅಂಟಿಕೊಳ್ಳುತ್ತದೆ. ಈ ಬೆಸುಗೆ ಜೀನಿನಿಂದ ಹುಟ್ಟುವ ಪ್ರೋಟೀನು, ಆರಿಸಲಾಗದ ಸ್ವಿಚ್ಚಿನಂತೆ, ಕೋಶಗಳಿಗೆ 'ಒಡೆಯಿರಿ, ಬೆಳೆಯಿರಿ' ಎನ್ನುತ್ತಲೇ ಇರುತ್ತದೆ. ಆ ಸ್ವಿಚ್ಚನ್ನು ಆರಿಸುವ ಇಮ್ಯಾಟಿನಿಬ್ ಮಾತ್ರೆಗೆ 2001ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಮೊದಲು ಕೆಲವೇ ವರ್ಷ ಬದುಕುತ್ತಿದ್ದ ರೋಗಿಗಳು ಈಗ ದಿನವೂ ಮಾತ್ರೆ ನುಂಗಿ ಕೆಲಸಕ್ಕೆ ಹೋಗುತ್ತಾರೆ. ನಮ್ಮ ಸುಪ್ರೀಂ ಕೋರ್ಟು 2013ರಲ್ಲಿ ಇದರ ಪೇಟೆಂಟ್ ಅರ್ಜಿಯನ್ನು ತಳ್ಳಿಹಾಕಿದ್ದರಿಂದ ಭಾರತೀಯ ಕಂಪನಿಗಳ ಅಗ್ಗದ ಮಾತ್ರೆಯೂ ಉಳಿದುಕೊಂಡಿತು.

ರೋಗ ಪತ್ತೆಯ ರೀತಿಯೂ ಬದಲಾಯಿತು. ರಕ್ತದಲ್ಲಿ ಬೆಸುಗೆ ಜೀನಿನ ಗುರುತನ್ನು ಪಿಸಿಆರ್ ಪರೀಕ್ಷೆ ಹುಡುಕುತ್ತದೆ. ಲಕ್ಷ ಕೋಶಗಳಲ್ಲಿ ರೋಗದ ಕೋಶ ಒಂದಿದ್ದರೂ ಹಿಡಿಯಬಲ್ಲದು. ಔಷಧಿ ನಾಟುತ್ತಿದೆಯೇ, ರೋಗ ಮರುಕಳಿಸುತ್ತಿದೆಯೇ ಎಂದು ವೈದ್ಯರು ನೋಡುವುದು ಈ ಅಂಕಿಯಿಂದಲೇ. ಈ ಪ್ರಯೋಗಾಲಯಗಳಲ್ಲಿ ಎಂಬಿಬಿಎಸ್ ಮಾಡಿದವರಷ್ಟೇ ಅಲ್ಲ, ಬಿ.ಎಸ್ಸಿ., ಎಂ.ಎಸ್ಸಿ. ಓದಿ ಬಂದವರೂ ಇದ್ದಾರೆ ಎಂಬುದನ್ನು ಪಾಲಕರು ಗಮನಿಸಬೇಕು.

ರೌಲಿ 1998ರಲ್ಲಿ ಲಾಸ್ಕರ್ ಪ್ರಶಸ್ತಿ ಪಡೆದರು. ಎಂಬತ್ತು ದಾಟಿದ ಮೇಲೂ ಸೈಕಲ್ ತುಳಿದುಕೊಂಡೇ ಪ್ರಯೋಗಾಲಯಕ್ಕೆ ಹೋಗುತ್ತಿದ್ದರು. 2013ರ ಡಿಸೆಂಬರಿನಲ್ಲಿ, 88ನೇ ವಯಸ್ಸಿನಲ್ಲಿ ತೀರಿಕೊಂಡರು. ಕಾರಣ, ಅಂಡಾಶಯದ ಕ್ಯಾನ್ಸರ್.