ಪುಟ್ಟಿಯ ಗರಗಸ ಮತ್ತು ಹದಿನಾಲ್ಕು ಮಕ್ಕಳ ಶಾಲೆ

ಈ ಸಲ ಸಂಕ್ರಾಂತಿಗೆ ಊರಿಗೆ ಹೋಗಿದ್ದೆ. ತೀರ್ಥಹಳ್ಳಿಯಲ್ಲಿ ಇಳಿದು, ಇನ್ನೊಂದು ಬಸ್ ಹಿಡಿದು, ಅದನ್ನೂ ಇಳಿದು ಒಂದೂವರೆ ಮೈಲಿ ನಡೆದರೆ ನಮ್ಮೂರು. ಊರು ಅಂದ್ರೆ ಗುಡ್ಡದ ಆಕಡೆ ನಾಲ್ಕು ಮನೆ, ತೋಟದ ಈಕಡೆ ಐದು ಮನೆ, ಅಷ್ಟೇ. ಬ್ಯಾಗ್ ಕೆಳಗಿಡೋದರೊಳಗೆ ಅಣ್ಣ ಶುರು ಮಾಡಿದ. "ಪುಟ್ಟೀನ ಬರೋ ವರ್ಷ ಪೇಟೆ ಇಂಗ್ಲಿಷ್ ಮೀಡಿಯಂಗೆ ಹಾಕೋಣ ಅಂತಿದೀನಿ. ನೀನೇನಂತೀಯ?"

ಕಾಫಿ ಕುಡಿಯೋ ನೆಪದಲ್ಲಿ ತಪ್ಪಿಸಿಕೊಂಡೆ. ಆವತ್ತು ಹೇಳಲಾಗದ್ದನ್ನು ಈಗ ಬರೀತಾ ಇದ್ದೀನಿ.

ಪುಟ್ಟಿ ಈಗ ಮೂರನೇ ಕ್ಲಾಸು. ನಾನು ಓದಿದ ಅದೇ ಶಾಲೆ, ಒಂದರಿಂದ ಐದರವರೆಗೆ. ನಾನು 2003ರಲ್ಲಿ ಒಂದನೇ ಕ್ಲಾಸಿಗೆ ಸೇರಿದಾಗ ಮಕ್ಕಳು ಐವತ್ತರ ಹತ್ತಿರ ಇದ್ವು, ಮೇಷ್ಟ್ರು ಇಬ್ಬರು. ನಮ್ಮ ಕಡೆ ಬಿಸಿಯೂಟ ಶುರುವಾದದ್ದೂ ಅದೇ ವರ್ಷ. ಈಗ ಒಟ್ಟು ಹದಿನಾಲ್ಕು ಮಕ್ಕಳು, ಒಬ್ಬರೇ ಟೀಚರು.

ಎರಡು ವರ್ಷದ ಹಿಂದೆ ಅವಳು ಶಾಲೆಗೆ ಸೇರಿದ ಹೊಸತರಲ್ಲಿ "ಅಕ್ಷರ ಹೇಳು ನೋಡೋಣ" ಅಂದೆ. "ರ ಗ ಸ ದ ಅ" ಅಂದಳು! ಅಯ್ಯೋ, ಅ ಆ ಇ ಈ ಎಲ್ಲಿ ಹೋಯ್ತು ಮಾರಾಯ್ತಿ ಅಂತ ಗಾಬರಿಯಾಯ್ತು. ಸರ್ಕಾರಿ ಶಾಲೆ ಪೂರ್ತಿ ಕೆಟ್ಟುಹೋಗಿದೆ ಅಂತ ಅಲ್ಲೇ ತೀರ್ಪನ್ನೂ ಕೊಟ್ಟುಬಿಟ್ಟೆ. ಅವಳು ಮಾತಾಡದೆ ಸ್ಲೇಟು ತಗೊಂಡು ಬರೆದಳು. ಸರ, ಅರಸ, ಅಗಸ, ದಸರ, ಗರಗಸ. ಐದೇ ಅಕ್ಷರ! ನಾನು ಐವತ್ತು ಚಿಲ್ಲರೆ ಅಕ್ಷರ ತಿದ್ದಿ, ಕಾಗುಣಿತ ಬಾಯಿಪಾಠ ಮಾಡಿ, ಮೊದಲ ಪದ ಓದೋ ಹೊತ್ತಿಗೆ ಎಷ್ಟು ತಿಂಗಳಾಗಿತ್ತೋ.

ಇದು ನಲಿ-ಕಲಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಶುರುವಾದದ್ದು. ಆಂಧ್ರದ ರಿಷಿ ವ್ಯಾಲಿಯವರು ಹಳ್ಳಿ ಶಾಲೆಗಳಿಗೆ ಮಾಡಿದ್ದ ಪದ್ಧತಿಯನ್ನು ನಮ್ಮ ಮೇಷ್ಟ್ರುಗಳೇ ನೋಡಿ ಬಂದು, ನಮ್ಮಲ್ಲಿಗೆ ಒಗ್ಗಿಸಿಕೊಂಡರು. 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಒಂದು, ಎರಡು, ಮೂರನೇ ಕ್ಲಾಸಿನ ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ. ಗೋಡೆ ಮೇಲೆ ಕಲಿಕೆಯ ಏಣಿ, ಏಣಿಯ ಒಂದೊಂದು ಮೆಟ್ಟಿಲಿಗೂ ಒಂದು ಚಿತ್ರ, ಆ ಚಿತ್ರ ಇರೋ ಕಾರ್ಡನ್ನು ಮಗು ತಾನೇ ಹುಡುಕಿ ತಗೋಬೇಕು. ಕಾರ್ಡು ನೋಡಿ ಯಾವ ತಟ್ಟೆಯಲ್ಲಿ ಕೂರಬೇಕು ಅಂತ ಗೊತ್ತಾಗುತ್ತೆ. ಕೆಲವು ತಟ್ಟೆಯಲ್ಲಿ ಟೀಚರ್ ಪೂರ್ತಿ ಹೇಳಿಕೊಡ್ತಾರೆ, ಕೆಲವದರಲ್ಲಿ ಅರ್ಧಂಬರ್ಧ, ಕೆಲವದರಲ್ಲಿ ಪಕ್ಕದ ಮಕ್ಕಳು, ಕೊನೆಯದರಲ್ಲಿ ತಾನೇ. ಜ್ವರ ಬಂದು ಹದಿನೈದು ದಿನ ತಪ್ಪಿಸಿಕೊಂಡ ಮಗು ವಾಪಸ್ ಬಂದು ತಾನು ಬಿಟ್ಟ ಮೆಟ್ಟಿಲಿಂದಲೇ ಮುಂದುವರೀತದೆ. ನಮ್ಮ ಕಾಲದಲ್ಲಿ ಪಾಠ ಮುಂದಕ್ಕೆ ಹೋಗಿರೋದು, ನಾವು ಹಿಂದೆ.

ನಿಜ ಹೇಳ್ತೀನಿ, ಇದನ್ನು ನೋಡಿದಾಗ ನನ್ನೊಳಗಿನ ಸಾಫ್ಟ್‌ವೇರ್ ಪ್ರಾಣಿಗೆ ಹೊಟ್ಟೆಕಿಚ್ಚಾಯ್ತು. ಪ್ರತಿ ಮಗುವೂ ತನ್ನ ಸ್ಟೇಟ್ ತಾನೇ ಇಟ್ಟುಕೊಂಡಿದೆ, ಕೆಲಸ ತಾನೇ ಹಂಚಿಕೆಯಾಗ್ತಿದೆ. ಆಫೀಸಿನಲ್ಲಿ ನಾವು ಇಷ್ಟು ಚೆಂದದ ಡಿಸೈನ್ ಮಾಡಿದ್ದು ನೆನಪಿಲ್ಲ.

ಹಾಗಾದ್ರೆ ತೊಂದರೆ ಏನು? ಇಷ್ಟೆಲ್ಲ ಓಡೋದು ಒಂದೇ ಸರ್ವರ್ ಮೇಲೆ. ಟೀಚರ್ ಇಲ್ಲದ ದಿನ ಏಣಿ ಬರೀ ಗೋಡೆಯ ಚಿತ್ರ. ಆ ಟೀಚರ್ ಒಳ್ಳೆಯವರು, ನಾನೇ ಕಂಡಿದ್ದೀನಿ. ಆದರೆ ಬೆಳಿಗ್ಗೆ ಹಾಲು, ಮಧ್ಯಾಹ್ನ ಊಟ, ಯಾರಿಗೆ ಮೊಟ್ಟೆ ಯಾರಿಗೆ ಬಾಳೆಹಣ್ಣು ಅನ್ನೋ ಲೆಕ್ಕ, ಅದಕ್ಕೊಂದು ರಿಜಿಸ್ಟರು, ಆಮೇಲೆ ಆನ್‌ಲೈನ್ ಎಂಟ್ರಿ, ತಾಲ್ಲೂಕಿನಲ್ಲಿ ಮೀಟಿಂಗು, ಚುನಾವಣೆ ಬಂದ್ರೆ ಅದು. 2025ರ ಸೆಪ್ಟೆಂಬರಿನಲ್ಲಿ ಶುರುವಾದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೂ ಮೇಷ್ಟ್ರುಗಳೇ ಬೇಕಾದ್ರು, ಅದು ಮುಗಿಯದೆ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಎಳೆದ್ರು. ನಮ್ಮ ಟೀಚರ್ ಆಪ್‌ಗೆ ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತುತ್ತಿದ್ರಂತೆ. (ನೆಟ್‌ವರ್ಕ್ ಸಿಗೋ ಜಾಗ ನನಗೂ ಗೊತ್ತು, ವರ್ಕ್ ಫ್ರಮ್ ಹೋಮ್‌ನಲ್ಲಿ ನಾನೂ ಅಲ್ಲೇ ಕೂತವನು. ಜಿಗಣೆ ಇದೆ.)

ಹಾಗಂತ ಸಮೀಕ್ಷೆ ಬೇಡ, ಮೊಟ್ಟೆ ಬೇಡ ಅಂತ ನಾನು ಹೇಳ್ತಿಲ್ಲ. ಎರಡನೇ ಮನುಷ್ಯ ಎಲ್ಲಿ ಅಂತ ಕೇಳ್ತಿದ್ದೀನಿ. ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂದದ್ದು 2010ರ ಏಪ್ರಿಲ್ 1ಕ್ಕೆ. ಅದರ ಲೆಕ್ಕದಲ್ಲಿ ಅರವತ್ತು ಮಕ್ಕಳವರೆಗೆ ಇಬ್ಬರು ಶಿಕ್ಷಕರು ಇರಲೇಬೇಕು. ಹದಿನಾಲ್ಕಾದ್ರೂ ಇಬ್ಬರೇ. ಇಬ್ಬರಿದ್ರೆ ಒಬ್ಬರು ಮೀಟಿಂಗಿಗೆ ಹೋದಾಗ ಇನ್ನೊಬ್ಬರು ಇರ್ತಾರೆ, ಇಷ್ಟು ಸರಳ.

ಇನ್ನೊಂದು ಪೆಟ್ಟು ಬೀಳೋದು ನಾಲ್ಕನೇ ಕ್ಲಾಸಿಗೆ. ಅಲ್ಲಿಗೆ ನಲಿ-ಕಲಿ ಮುಗೀತು, ಪಠ್ಯಪುಸ್ತಕ ಕೈಗೆ ಬಂತು. ತನ್ನ ಪಾಡಿಗೆ ಏಣಿ ಹತ್ತುತ್ತಿದ್ದ ಮಗು ಈಗ ಟೀಚರ್ ಪಾಠ ಮಾಡಲಿ ಅಂತ ಕಾಯಬೇಕು. ಟೀಚರ್ ಕೆಳಗಿನ ತಟ್ಟೆಯಲ್ಲಿ ಚಿಕ್ಕವರ ಜೊತೆ. 2022ರ ಅಸರ್ ವರದಿ ಪ್ರಕಾರ ನಮ್ಮ ದೇಶದ ಹಳ್ಳಿಗಳ ಐದನೇ ಕ್ಲಾಸಿನ ಮಕ್ಕಳಲ್ಲಿ ಎರಡನೇ ಕ್ಲಾಸಿನ ಪಾಠ ಓದಬಲ್ಲವರು ಶೇಕಡಾ 42.8 ಮಾತ್ರ. ಕೋವಿಡ್‌ಗೆ ಮುಂಚೆ, 2018ರಲ್ಲೂ ಅದು 50.5 ಅಷ್ಟೇ. ಈ ಲೆಕ್ಕದಲ್ಲಿ ಖಾಸಗಿ ಶಾಲೆಯವರೂ ಇದ್ದಾರೆ ಅನ್ನೋದನ್ನ ಅಣ್ಣನಿಗೆ ಹೇಳಿದೆ. ಅವನು, "ಪುಟ್ಟಿ ಓದ್ತಾಳಲ್ಲ, ಇಂಗ್ಲಿಷ್ ಹೇಳು" ಅಂದ.

ಅದಕ್ಕೆ ನನ್ನ ಹತ್ರ ಉತ್ತರ ಕಮ್ಮಿ. ನನಗೆ ಎಬಿಸಿಡಿ ಬಂದದ್ದು ಐದನೇ ಕ್ಲಾಸಿಗೆ. ಇಂಜಿನಿಯರಿಂಗ್ ಮೊದಲ ಸೆಮಿಸ್ಟರಿನಲ್ಲಿ ಹಾಸ್ಟೆಲಿನ ಬಾತ್‌ರೂಮಿನಲ್ಲಿ ಅತ್ತಿದ್ದೀನಿ, ಅದು ಅಣ್ಣನಿಗೂ ಗೊತ್ತು. ನಾನು ದಾಟಿದೆ ಅಂತ ಎಲ್ಲರೂ ದಾಟಲಿ ಅನ್ನೋದು ದೊಡ್ಡಸ್ತಿಕೆಯಾಗುತ್ತೆ. ನನ್ನ ಜೊತೆ ಅದೇ ಬೆಂಚಿನಲ್ಲಿ ಕೂತವರಲ್ಲಿ ಪಿಯುಸಿ ಇಂಗ್ಲಿಷಿನಲ್ಲೇ ನಿಂತವರು ಮೂರು ಜನ ಊರಲ್ಲೇ ಇದ್ದಾರೆ. ಆದರೆ ಪೇಟೆ ಶಾಲೆಯ ಪಕ್ಕದ ಮನೆ ಹುಡುಗನನ್ನೂ ಕಂಡೆ. ನಾಲ್ಕನೇ ಕ್ಲಾಸು, ಇಂಗ್ಲಿಷ್ ಪಾಠ ಗಡಗಡ ಓದ್ತಾನೆ. "ಏನಪ್ಪಾ ಹಾಗಂದ್ರೆ" ಅಂದ್ರೆ ನಗ್ತಾನೆ. ಬೆಳಿಗ್ಗೆ ಏಳೂಕಾಲಿಗೆ ವ್ಯಾನು, ಬರೋದು ಐದಕ್ಕೆ.

ಲೆಕ್ಕ ಹಾಕಿದೆ. ಪುಟ್ಟಿ ಹೋದ್ರೆ ವ್ಯಾನಿನ ಬಾಡಿಗೆ ಹಂಚಿಕೊಳ್ಳೋಕೆ ಇನ್ನೆರಡು ಮನೆಯವರು ತಯಾರು. ಐದನೇ ಕ್ಲಾಸಿನ ಮೂವರು ಹೇಗೂ ಮುಗಿಸಿ ಹೋಗ್ತಾರೆ. ಉಳಿಯೋದು ಎಂಟು. ಮಕ್ಕಳು ಕಮ್ಮಿ ಅಂತ ಟೀಚರ್ ಕೊಡಲ್ಲ, ಟೀಚರ್ ಇಲ್ಲ ಅಂತ ಮಕ್ಕಳು ಬರಲ್ಲ. ಆಮೇಲೆ ದೂರದ ದೊಡ್ಡ ಶಾಲೆಗೆ ಸೇರಿಸೋ ಮಾತು. ಆ ಎಂಟರಲ್ಲಿ ಐದು ಮಕ್ಕಳು ಎಸ್ಟೇಟ್ ಲೈನಿನವು. ಅವರಪ್ಪಂದಿರ ಹತ್ರ ವ್ಯಾನಿಗೆ ದುಡ್ಡಿಲ್ಲ.

ಹೊರಡೋ ದಿನ ಅಣ್ಣನಿಗೆ ಇದನ್ನೆಲ್ಲ ಹೇಳಿದೆ, ಬಸ್ ಕಾಯ್ತಾ. ಪೂರ್ತಿ ಕೇಳಿದ. ಆಮೇಲೆ, "ನಿಂಗೆ ಮಗಳಿದ್ದು ಇಲ್ಲೇ ಇದ್ದಿದ್ರೆ ಕಳಿಸ್ತಿದ್ಯಾ?" ಅಂದ. ಇಬ್ಬರು ಟೀಚರ್ ಇದ್ರೆ ಕಳಿಸ್ತಿದ್ದೆ ಅಂದೆ. "ಈಗ ಒಬ್ಬರೇ ಇರೋದು" ಅಂದ.

ಬಸ್ ಬಂತು. ಬೆಂಗಳೂರಿಗೆ ಬಂದ ಮೇಲೆ ಎರಡನೇ ಶಿಕ್ಷಕರು ಬೇಕು ಅಂತ ಕ್ಷೇತ್ರ ಶಿಕ್ಷಣಾಧಿಕಾರಿಗೆ ಒಂದು ಅರ್ಜಿ ಟೈಪ್ ಮಾಡಿ ಅಣ್ಣನ ವಾಟ್ಸಾಪಿಗೆ ಕಳಿಸಿದ್ದೀನಿ, ಊರವರ ಸಹಿ ಹಾಕಿಸು ಅಂತ. ಎರಡು ನೀಲಿ ಗೆರೆ ಬಿದ್ದಿದೆ. ಪೇಟೆ ಶಾಲೆಯ ಅಡ್ಮಿಶನ್ ಫಾರ್ಮು ಕೊಡೋದು ಮುಂದಿನ ವಾರದಿಂದ.