ನನ್ನ ಫೋನಿಗೆ ಯಾರ ಅಪ್ಪಣೆ?

ಪಿಯುಸಿ ಓದುತ್ತಿರುವ ನನ್ನ ಮೊಮ್ಮಗ ಸಂಧಿ-ಸಮಾಸಗಳ ಅಭ್ಯಾಸಕ್ಕೆಂದು ಪುಟ್ಟದೊಂದು ತಂತ್ರಾಂಶವನ್ನು ತಾನೇ ಬರೆದು ನನ್ನ ಫೋನಿಗೆ ಹಾಕಿಕೊಟ್ಟಿದ್ದ. ಎಂಟನೆಯ ದಿನ ಅದು ತೆರೆಯಲೇ ಇಲ್ಲ. ಕೆಟ್ಟಿರಲಿಲ್ಲ, ಕಂಪನಿಗೆ ವಾರ್ಷಿಕ ಶುಲ್ಕ ಕಟ್ಟದವರು ಬರೆದದ್ದಕ್ಕೆ ಏಳೇ ದಿನ ಆಯುಸ್ಸಂತೆ! ಹಣ ತೆತ್ತು ಕೊಂಡವನು ನಾನು, ಬರೆದವನು ನನ್ನ ಮೊಮ್ಮಗ, ಅಪ್ಪಣೆ ಮಾತ್ರ ಮೂರನೆಯವರದು.

'ಎಲ್ಲ ಸುರಕ್ಷತೆಗಾಗಿ ಸಾರ್' ಎಂದು ಆ ಉದ್ಯಮದಲ್ಲಿರುವ ನನ್ನ ಶಿಷ್ಯರೇ ವಾದಿಸುತ್ತೀರಿ. ಮೋಸದ ತಂತ್ರಾಂಶಗಳಿಂದ ಹಣ ಕಳೆದುಕೊಂಡವರಿದ್ದಾರೆ, ಒಪ್ಪಿದೆ. ಎಚ್ಚರಿಸಿರಿ, ಬೇಕಾದರೆ ಎರಡು ಸಲ ಕೇಳಿರಿ. ಆದರೆ ಕಳ್ಳರ ಭಯವೆಂದು ಬೀಗದ ಕೈಯನ್ನು ಮನೆ ಕಟ್ಟಿದ ಮೇಸ್ತ್ರಿಯ ಬಳಿಯೇ ಬಿಡುವವರುಂಟೆ?

ಈ ಜಗಳ ಹಳೆಯದು. 1980ರ ಸುಮಾರಿಗೆ ಅಮೆರಿಕದ ಎಂಐಟಿಯಲ್ಲಿ ರಿಚರ್ಡ್ ಸ್ಟಾಲ್ಮನ್, ಕಾಗದ ಸಿಕ್ಕಿಕೊಂಡರೆ ಬಳಸುವವರಿಗೆ ತಿಳಿಯುವಂತೆ ಪ್ರಿಂಟರಿನ ತಂತ್ರಾಂಶವನ್ನು ತಿದ್ದಬಯಸಿದರು. ಹಳೆಯ ಯಂತ್ರದಲ್ಲಿ ಹಾಗೆ ಮಾಡಿದ್ದರು ಕೂಡ. ಹೊಸದರ ಮೂಲ ಬರವಣಿಗೆಯನ್ನು ಯಾರೂ ಕೊಡಲಿಲ್ಲ. 1983ರಲ್ಲಿ ಅವರು ಯಾರು ಬೇಕಾದರೂ ಓದಿ ತಿದ್ದಬಹುದಾದ ತಂತ್ರಾಂಶಗಳಿಗಾಗಿ 'ಗ್ನೂ' ಯೋಜನೆಯನ್ನು ಘೋಷಿಸಿದರು. ಅದೇ ದೇಶ 1998ರಲ್ಲಿ ಇಂಥ ಬೀಗಗಳನ್ನು ಮುರಿಯುವುದನ್ನೇ ಅಪರಾಧವಾಗಿಸಿತು. 2010ರಲ್ಲಿ ಫೋನುಗಳಿಗೆ ವಿನಾಯಿತಿ ದೊರೆಯಿತು. ಅದನ್ನೂ ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕು. ಸ್ವಂತ ವಸ್ತುವಿಗೆ ವಿನಾಯಿತಿ!

ಈಗ ಮೊಮ್ಮಗ ಪ್ರತಿ ಭಾನುವಾರ ಬಂದು ಅದನ್ನು ಮತ್ತೆ ಹಾಕಿಕೊಡುತ್ತಾನೆ, ಅಜ್ಜಿಯ ಕೈದೋಸೆ ತಿಂದು ಹೋಗುತ್ತಾನೆ. ದೋಸೆಯ ಮಟ್ಟಿಗೆ ನನ್ನ ತಕರಾರಿಲ್ಲ.